ಒಂದು ಗಂಟು ಫೇಸ್, ಎರಡು ಗಂಟು ನ್ಯೂಟ್ರಲ್

ರಾಮಕುಂಜದ ವಯರ್‌ಮ್ಯಾನ್ ದೇವದಾಸನಿಗೆ ಕೆಂಪು ಯಾವುದು, ಹಸಿರು ಯಾವುದು ಎಂದು ಗೊತ್ತಾಗುವುದಿಲ್ಲ ಎಂಬ ಸಂಗತಿ ಇಡೀ ಕಡಬ ತಾಲೂಕಿನಲ್ಲಿ ಒಬ್ಬನಿಗೆ ಮಾತ್ರ ತಿಳಿದಿತ್ತು. ಆ ಒಬ್ಬ ದೇವದಾಸನೇ. ಹೆಂಡತಿ ಪ್ರಣೀತಾಳಿಗೂ ಗೊತ್ತಿರಲಿಲ್ಲ. ಅವನು ಆರಿಸಿ ತರುತ್ತಿದ್ದ ಅಂಗಿಗಳನ್ನು ನೋಡಿ ಅವಳು ಅದು ಅಭಿರುಚಿಯ ದೋಷ ಎಂದುಕೊಂಡು, ಮದುವೆಯಾದ ಮೇಲೆ ಇನ್ನೇನು ಮಾಡುವುದು ಎಂದು ಸುಮ್ಮನಿದ್ದಳು.

ಇಂಥವನು ವಯರಿಂಗ್ ಕೆಲಸಕ್ಕೆ ಯಾಕೆ ಬಂದ ಎಂದು ಕೇಳಬಾರದು. ಸ್ವರ ಇಲ್ಲದವರು ಮೈಕು ಹಿಡಿಯುವ, ಉಪ್ಪು ಹುಳಿ ತಿಳಿಯದವರು ಕ್ಯಾಟರಿಂಗ್ ನಡೆಸುವ ಕಾಲದಲ್ಲಿ ಅದೊಂದು ಪ್ರಶ್ನೆಯೇ ಅಲ್ಲ. ಪುತ್ತೂರಿನಲ್ಲಿ ಒಬ್ಬರ ಕೈಕೆಳಗೆ ಕೆಲಸ ಕಲಿಯುವಾಗಲೇ ಅವನಿಗೆ ತನ್ನ ಕಣ್ಣಿನ ವಿಷಯ ಗೊತ್ತಾಗಿತ್ತು. ಕರೆಂಟು ತರುವ ಫೇಸಿಗೆ ಕೆಂಪು ವಯರು, ಕರೆಂಟು ವಾಪಸು ಹೋಗುವ ನ್ಯೂಟ್ರಲಿಗೆ ಕಪ್ಪು, ಭೂಮಿಗೆ ಇಳಿಯುವ ಅರ್ತಿಗೆ ಹಸಿರು. ಲೋಕಕ್ಕೆಲ್ಲ ಇಷ್ಟು ಸುಲಭವಾಗಿದ್ದದ್ದು ಅವನ ಕಣ್ಣಿಗೆ ಮಾತ್ರ ಒಂದೇ ಬಗೆಯ ಹಳೆ ಮಣ್ಣಿನ ಬಣ್ಣ. ಬೆಳಕು ಸ್ವಲ್ಪ ಕಡಿಮೆಯಾದರೆ ಕಪ್ಪು ಕೂಡ ಅವುಗಳ ಜೊತೆ ಸೇರಿಕೊಳ್ಳುತ್ತಿತ್ತು. ಕರೆಂಟು ಬಾರದ ಹೊಸ ಮನೆಯಲ್ಲಿ ಟೆಸ್ಟರೂ ಮೂಕ. ಹಾಗಾಗಿ ಅವನು ಒಂದು ಉಪಾಯ ಕಂಡುಕೊಂಡ. ವಯರು ಬರುವ ಪೆಟ್ಟಿಗೆಯ ಮೇಲೆ ಬಣ್ಣದ ಹೆಸರು ಬರೆದಿರುತ್ತದಷ್ಟೆ. ಪೆಟ್ಟಿಗೆಯಿಂದ ಎಳೆದು ಕತ್ತರಿಸಿದ ಕೂಡಲೆ ಪ್ರತಿ ತುಂಡಿನ ಎರಡೂ ತುದಿಗೆ ದಾರ ಸುತ್ತಿ ಗಂಟು ಹಾಕುವುದು: ಒಂದು ಗಂಟು ಇದ್ದರೆ ಫೇಸ್, ಎರಡು ಇದ್ದರೆ ನ್ಯೂಟ್ರಲ್, ಮೂರು ಇದ್ದರೆ ಅರ್ತ್. ಆಮೇಲೆ ಕಣ್ಣು ಮುಚ್ಚಿಕೊಂಡು ಬೇಕಾದರೂ ಜೋಡಿಸಬಹುದು. ಇಷ್ಟು ವರ್ಷದಲ್ಲಿ ಅವನು ಮಾಡಿದ ವಯರಿಂಗಿನಲ್ಲಿ ಒಬ್ಬರಿಗೂ ಶಾಕ್ ಹೊಡೆದಿರಲಿಲ್ಲ.

ಇಷ್ಟಕ್ಕೆ ಬಿಟ್ಟಿದ್ದರೆ ಸಾಕಿತ್ತು. ಆದರೆ ಗುಟ್ಟು ಇದ್ದವನಿಗೆ ಬಾಯಿ ಸುಮ್ಮನಿರುವುದಿಲ್ಲ. ಯಾರ ಮನೆಗೆ ಹೋದರೂ ದೇವದಾಸ ಬಣ್ಣದ ಬಗ್ಗೆ ಒಂದು ಭಾಷಣ ಬಿಗಿಯುತ್ತಿದ್ದ. "ಬಣ್ಣ ತಪ್ಪಿದ್ರೆ ಹೆಣ ಬೀಳ್ತದೆ ಮಾರಾಯ್ರೆ! ಬೇರೆಯವ್ರು ಕೈಗೆ ಸಿಕ್ಕಿದ ವಯರು ಎಳೀತಾರೆ. ನನ್ನ ಹತ್ರ ಆ ಕೆಲಸ ಇಲ್ಲ. ಕೆಂಪು ಅಂದ್ರೆ ಕೆಂಪು, ಹಸಿರು ಅಂದ್ರೆ ಹಸಿರು." ಜನ ತಲೆದೂಗುತ್ತಿದ್ದರು. ಕಡಬದಿಂದ ಸುಳ್ಯದ ಗಡಿಯವರೆಗೆ ಅವನಿಗೆ ಬಣ್ಣದಲ್ಲಿ ಪಕ್ಕಾ ಮನುಷ್ಯ ಎಂಬ ಹೆಸರು ಬಂದದ್ದು ಹೀಗೆ.

ಕೊಲ್ಲಮೊಗ್ರಿನ ಕುಶಾಲಪ್ಪ ಹೊಸ ಮನೆ ಕಟ್ಟಿದಾಗ ಈ ಹೆಸರು ಕೇಳಿಯೇ ದೇವದಾಸನನ್ನು ಕರೆಸಿದ್ದು. ಕುಶಾಲಪ್ಪ ಸುಬ್ರಹ್ಮಣ್ಯದ ದಾರಿಯಲ್ಲಿ ಬಾಡಿಗೆ ಜೀಪು ಓಡಿಸುವವನು. ಬೆಳಿಗ್ಗೆ ಹೋದರೆ ಕತ್ತಲಾಗುವಾಗ ಬರುವವನು. ಹಾಗಾಗಿ ಹೊಸ ಮನೆಯ ಕೀಲಿಕೈ, ಕೆಲಸದ ಉಸ್ತುವಾರಿ ಎಲ್ಲ ಅವನ ಅಕ್ಕ ಪೂವಮ್ಮನ ಕೈಯಲ್ಲಿತ್ತು. ತಾಯಿ ಸತ್ತಾಗ ಕುಶಾಲಪ್ಪ ಇನ್ನೂ ನಡೆಯಲು ಕಲಿಯುತ್ತಿದ್ದ ಮಗು. ಅವನನ್ನು ಸೊಂಟದಲ್ಲಿ ಹೊತ್ತು ಸಾಕಿದವಳು ಪೂವಮ್ಮ. ಗಂಡ ತೀರಿಕೊಂಡ ಮೇಲೆ, ಮಕ್ಕಳಿಲ್ಲದ ಆಕೆ ತಮ್ಮನ ಮನೆಯ ಎದುರಿಗೇ, ರಸ್ತೆಯ ಆಚೆ ಬದಿಯಲ್ಲಿ ಇದ್ದಳು. ಆಸ್ತಿ ಪಾಲಾಗುವಾಗ ತನ್ನ ಪಾಲನ್ನೂ ತಮ್ಮನಿಗೇ ಬಿಟ್ಟುಕೊಟ್ಟವಳು. ದೇವದಾಸ ಕೆಲಸ ಮಾಡಿದಷ್ಟು ದಿನವೂ ಅವನಿಗೆ ಹೊತ್ತು ಹೊತ್ತಿಗೆ ಅಕ್ಕಿರೊಟ್ಟಿ, ಬೆಲ್ಲದ ಕಾಫಿ ಕೊಟ್ಟು, "ಇನ್ನೊಂದು ಹಾಕ್ಲಾ ಮಗ?" ಎಂದು ಕೇಳುತ್ತಿದ್ದಳು. ದೇವದಾಸನನ್ನು ಆ ವಯಸ್ಸಿನಲ್ಲಿ ಮಗ ಎಂದು ಕರೆಯುವವರು ಬೇರೆ ಯಾರೂ ಇರಲಿಲ್ಲ.

ಗೃಹಪ್ರವೇಶ ಚೆನ್ನಾಗಿಯೇ ಆಯಿತು. ಆದರೆ ಅದಾದ ಮೇಲೆ ಕುಶಾಲಪ್ಪನ ಜೀಪಿನ ಗೇರ್‌ಬಾಕ್ಸ್ ಕೈಕೊಟ್ಟು ಪುತ್ತೂರಿನ ಗ್ಯಾರೇಜಿನಲ್ಲಿ ಬಿದ್ದುಕೊಂಡಿತು. ಹೆಂಡತಿ ಹೇಮಶ್ರೀಗೆ ಮೊಣಕಾಲು ನೋವು ಶುರುವಾಯಿತು. ದನ ಒದೆಯಲು ಕಲಿಯಿತು. ಕೊನೆಗೆ ಫ್ರಿಜ್ಜು ನಿಂತಿತು. ಜೀಪು ಮುದಿಯಾಗಿತ್ತು, ಹೇಮಶ್ರೀಯ ಮೈ ಭಾರವಾಗಿತ್ತು, ದನದ ಜಾತಿಯೇ ಅಂಥದ್ದು, ಫ್ರಿಜ್ಜು ಸೆಕೆಂಡ್ ಹ್ಯಾಂಡ್. ಆದರೆ ಕಷ್ಟಗಳು ಸಾಲಾಗಿ ನಿಂತಾಗ ಇಷ್ಟು ವಿವರ ಯಾರಿಗೂ ಬೇಡ.

ಫ್ರಿಜ್ಜು ನೋಡಲು ಸುಳ್ಯದಿಂದ ಮೆಕ್ಯಾನಿಕ್ ಝಾಕಿರ್ ಬಂದ. ಫ್ರಿಜ್ಜಿಗೆ ಕರೆಂಟು ಸರಿಯಾಗಿ ಬರುತ್ತದಾ ಎಂದು ಸ್ವಿಚ್ ಬೋರ್ಡ್ ಬಿಚ್ಚಿದವನು ಸ್ಕ್ರೂಡ್ರೈವರನ್ನು ಹಾಗೆಯೇ ಹಿಡಿದುಕೊಂಡು ಎರಡು ಹೆಜ್ಜೆ ಹಿಂದೆ ಬಂದ.

"ಎಂತ ಆಯ್ತು? ಶಾಕಾ?" ಹೇಮಶ್ರೀ ಕೇಳಿದಳು.

"ಶಾಕ್ ಅಲ್ಲಕ್ಕ. ನೀವೇ ನೋಡಿ. ನಾನು ಮುಟ್ಟುದಿಲ್ಲ."

ಒಳಗೆ ವಯರುಗಳಿಗೆ ದಾರ ಸುತ್ತಿ ಗಂಟು ಹಾಕಿತ್ತು. ದಾರದ ಬಣ್ಣ ರಕ್ತಗೆಂಪು. ದೇವದಾಸ ಪುತ್ತೂರಿನ ಅಂಗಡಿಯಲ್ಲಿ ಯಾರ ಕಣ್ಣಿಗೂ ಬೀಳದ ಸಾಧಾರಣ ಮಣ್ಣಿನ ಬಣ್ಣದ್ದು ಎಂದು ತಾನೇ ಆರಿಸಿ ತಂದ ಉಂಡೆ ಅದು.

ಬಾಗಿಲ ಹೊಸಿಲಡಿ ನಿಂಬೆಹಣ್ಣು ಸಿಕ್ಕಿದರೇ ಊರು ಬಿಟ್ಟು ಓಡುವ ಜನರ ನಡುವೆ, ಗೋಡೆಯ ಒಳಗೆ ಕೆಂಪು ದಾರದ ಗಂಟು ಸಿಕ್ಕಿದ ಮೇಲೆ ಹೇಳುವುದೇನು? ಎಲ್ಲ ಬೋರ್ಡುಗಳನ್ನೂ ಬಿಚ್ಚಿಸಿದರು. ಅಡುಗೆಮನೆಯಲ್ಲಿ ಗಂಟು, ಮಲಗುವ ಕೋಣೆಯಲ್ಲಿ ಗಂಟು, ದೇವರ ಕೋಣೆಯಲ್ಲೂ ಗಂಟು. ನೆರೆಕರೆಯವರು ಅಂಗಳದಲ್ಲಿ ಸೇರಿದರು. ಪಂಚಾಯತಿನ ಮಾಜಿ ಸದಸ್ಯ ಅಚ್ಚುತ, ಅಧಿಕಾರ ಹೋದರೂ ಅಧಿಕಾರದ ಸ್ವರ ಹೋಗದವನು, ಟಾರ್ಚು ಹಾಕಿ ನೋಡಿ, "ಇದು ಮಾಟವೇ. ಅದೂ ತಿಳಿದವ್ರು ಮಾಡಿದ್ದು. ಗಂಟಿಗೆ ಲೆಕ್ಕ ಉಂಟು" ಎಂದು ತೀರ್ಪು ಕೊಟ್ಟ. ಹೇಮಶ್ರೀ ಫೋಟೋ ತೆಗೆದು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದಳು. ದುಬೈಯಲ್ಲಿದ್ದ ಅವಳ ಅಣ್ಣ ಕೈಮುಗಿದ ಚಿತ್ರ ಕಳಿಸಿದ. ಅದು ದೇವರಿಗೋ, ಇವರಿಗೆ ಶ್ರದ್ಧಾಂಜಲಿಯೋ ತಿಳಿಯದೆ ಅವಳು ಇನ್ನಷ್ಟು ಅತ್ತಳು.

ದೇವದಾಸನಿಗೆ ಬುಲಾವು ಹೋಯಿತು. ಆರೋಪಿಯಾಗಿ ಅಲ್ಲ, ತಜ್ಞನಾಗಿ. ಅದೇ ಎಡವಟ್ಟಾದದ್ದು. ಆರೋಪಿಯಾಗಿ ಕರೆದಿದ್ದರೆ ಅವನು ಹೆದರಿ ಎಲ್ಲ ಕಕ್ಕಿಬಿಡುತ್ತಿದ್ದ. ಇಲ್ಲಿ ಅವನಿಗೆ ಕುರ್ಚಿ ಹಾಕಿ, ಎಳನೀರು ಕೊಟ್ಟು, ಕುಶಾಲಪ್ಪ ಎದುರಿಗೆ ನಿಂತುಕೊಂಡು ಕೇಳಿದ.

"ನಿನ್ನಷ್ಟು ಬಣ್ಣ ಗೊತ್ತಿದ್ದವ ಬೇರೆ ಯಾರೂ ಇಲ್ಲ. ಈ ಕೆಂಪು ದಾರ ನೀನು ವಯರಿಂಗ್ ಮಾಡುವಾಗ ಇತ್ತಾ?"

ಅದು ಕೆಂಪಾ, ಎಂದು ದೇವದಾಸನ ಬಾಯಿಗೆ ಬಂದಿತ್ತು. ನುಂಗಿಕೊಂಡ. ಸುತ್ತ ಜನ. ನಾನೇ ಕಟ್ಟಿದ್ದು ಎಂದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದು ಹೇಳಿದರೆ ಕಡಬದಿಂದ ಸುಳ್ಯದವರೆಗೆ ಅವನನ್ನು ಯಾರೂ ಮನೆಯೊಳಗೆ ಬಿಡುವುದಿಲ್ಲ. ಬಣ್ಣ ಕಾಣದ ವಯರ್‌ಮ್ಯಾನ್!

"ಇರ್ಲಿಲ್ಲ" ಎಂದ ದೇವದಾಸ.

ಒಂದೇ ಶಬ್ದ. ಅದನ್ನು ಹೇಳುವಾಗ ಅವನ ತಲೆಯಲ್ಲಿ ತನ್ನ ಹೊಟ್ಟೆಪಾಡು ಇತ್ತೇ ಹೊರತು ಬೇರೆ ಯಾರೂ ಇರಲಿಲ್ಲ. ಅದು ಯಾರ ತಲೆಗೆ ಹೋಗಿ ಬೀಳುತ್ತದೆ ಎಂದು ಅವನು ಯೋಚಿಸಲೇ ಇಲ್ಲ.

"ಹಾಗಾದ್ರೆ ನೀನು ಹೋದ ಮೇಲೆ ಕಟ್ಟಿದ್ದು" ಎಂದ ಅಚ್ಚುತ. "ಆಮೇಲೆ ಕೀಲಿಕೈ ಯಾರ ಹತ್ರ ಇತ್ತು?"

ಎಲ್ಲರೂ ರಸ್ತೆಯ ಆಚೆ ಬದಿಗೆ ನೋಡಿದರು.

ಮರುದಿನವೇ ಜೋಯಿಸರ ಹತ್ತಿರ ಪ್ರಶ್ನೆಗೆ ಹೋದರು. ಜೋಯಿಸರು ಮೊಬೈಲಿನ ಫೋಟೋವನ್ನು ಬೆರಳಿನಿಂದ ದೊಡ್ಡದು ಮಾಡಿ, ಕವಡೆ ಹಾಕಿ, ಕಣ್ಣು ಮುಚ್ಚಿ ಹೇಳಿದರು: ಒಂದು ಗಂಟು ಯಜಮಾನನ ಮೇಲೆ, ಎರಡು ಗಂಟು ದಂಪತಿಯ ಮೇಲೆ, ಮೂರು ಗಂಟು ಭೂಮಿಯ ವಿಷಯಕ್ಕೆ. ಭೂಮಿಯ ಮಾತು ಮಾತ್ರ ನೂರಕ್ಕೆ ನೂರು ಸರಿ, ಅದು ಅರ್ತ್ ವಯರು. ಆದರೆ ಕುಶಾಲಪ್ಪನಿಗೆ ನೆನಪಾದದ್ದು ಅಕ್ಕ ಬಿಟ್ಟುಕೊಟ್ಟ ಪಾಲು. "ಕೊಟ್ಟದ್ದಕ್ಕೆ ಈಗ ಬೇಜಾರಾಗಿರ್ಬೇಕು" ಎಂದು ಹೇಮಶ್ರೀ ಮೆಲ್ಲನೆ ಹೇಳಿದಳು. ಮೆಲ್ಲನೆ ಹೇಳಿದ ಮಾತೇ ಬೇಗ ಊರು ಸುತ್ತುವುದು.

ಸುದ್ದಿ ರಾಮಕುಂಜಕ್ಕೆ ಮುಟ್ಟಿದಾಗ ದೇವದಾಸ ಬಡಿಸಿದ ಅನ್ನ ಬಿಟ್ಟು ಎದ್ದು, ಸ್ಕೂಟರ್ ಹತ್ತಿ ನೇರ ಪೂವಮ್ಮನ ಮನೆಗೆ ಹೋದ. ಆಕೆ ಕೋಳಿಗೆ ಅಕ್ಕಿ ಹಾಕುತ್ತಿದ್ದಳು.

"ಪೂವಮ್ಮಕ್ಕ, ನಿಮ್ಮತ್ರ ಒಂದು ಹೇಳ್ಲಿಕ್ಕುಂಟು. ಆ ದಾರ—"

"ನೀನು ಕಟ್ಟಿದ್ದು. ಗೊತ್ತುಂಟು" ಎಂದಳು ಪೂವಮ್ಮ. "ನಿನಗೆ ಬಣ್ಣ ಕಾಣುದಿಲ್ಲ. ಅದೂ ಗೊತ್ತುಂಟು."

ದೇವದಾಸ ಜಗಲಿಯಲ್ಲಿ ಕುಳಿತ.

"ಒಂದು ದಿನ ನಾನು ಮೊಟ್ಟೆ ಇಡ್ಲಿಕ್ಕೆ ಅಂತ ನಿನ್ನ ವಯರಿನ ಪೆಟ್ಟಿಗೆ ಎಲ್ಲ ತಂದೆ ಅಲ್ವಾ? ವಯರು ನೆಲದಲ್ಲಿ ಹಾಕಿ ಬಂದಿದ್ದೆ. ವಾಪಸು ಬಂದು ನೋಡುವಾಗ ನೀನು ಅದರ ಎದುರು ಪರೀಕ್ಷೆಯಲ್ಲಿ ಫೇಲಾದ ಮಕ್ಕಳ ಹಾಗೆ ನಿಂತಿದ್ದೆ. ಪೆಟ್ಟಿಗೆ ಎಲ್ಲಿ ಪೆಟ್ಟಿಗೆ ಎಲ್ಲಿ ಅಂತ ಕೇಳಿದ್ದೇ ಕೇಳಿದ್ದು. ವಯರು ಬೇಕಾದವನಿಗೆ ಪೆಟ್ಟಿಗೆ ಯಾಕೆ? ಆಗ ನಾನೇ ಒಂದೊಂದು ಎತ್ತಿ, ಇದು ಕೆಂಪುಂಟಲ್ಲ, ಇದು ಹಸಿರುಂಟಲ್ಲ ಅಂತ ಸುಮ್ಮನೆ ಹೇಳಿ ಕೊಟ್ಟೆ. ನೀನು ಗಂಟು ಹಾಕಿದೆ."

ಲೋಕದಲ್ಲಿ ಒಬ್ಬನಿಗೆ ಮಾತ್ರ ಗೊತ್ತು ಎಂದು ಅವನು ಹಾಕಿಕೊಂಡಿದ್ದ ಲೆಕ್ಕ ತಪ್ಪಾಗಿತ್ತು.

"ಹಾಗಾದ್ರೆ ನೀವು ಅವ್ರ ಹತ್ರ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿನಗೆ ಕೆಲ್ಸ ಯಾರು ಕೊಡ್ತಾರೆ? ನಿನಗೂ ಸಂಸಾರ ಉಂಟು. ಕುಶಾಲ ನನ್ನ ಕೈಯಲ್ಲಿ ಬೆಳೆದವ. ನಾಲ್ಕು ದಿನ ಹಾರಾಡಿ ಸುಮ್ಮನಾಗ್ತಾನೆ. ನಾನು ಮಾಟ ಮಾಡ್ತೇನೆ ಅಂತ ಅವ ನಂಬುದುಂಟಾ? ನೀನು ಬಾಯಿ ಬಿಡ್ಬೇಡ."

ಇಲ್ಲ, ಹೇಳಿಯೇ ಹೇಳುತ್ತೇನೆ ಎನ್ನಬೇಕಿತ್ತು. ದೇವದಾಸ ಹಾಗೆ ಅನ್ನಲಿಲ್ಲ. ಅವನಿಗೆ ಮೈ ಹಗುರಾಯಿತು. ನಾಚಿಕೆಯೂ ಆಯಿತು, ಆದರೆ ಮೊದಲು ಆದದ್ದು ಸಮಾಧಾನ. ಆಕೆ ಕೊಟ್ಟ ಕಾಫಿ ಕುಡಿದು, ಎದುರು ಮನೆಯ ಕಡೆ ನೋಡದೆ, ಸ್ಕೂಟರ್ ಹತ್ತಿ ಊರಿಗೆ ಬಂದ. ಆ ಕಾಫಿಯನ್ನು ಅವನು ಇಂದಿಗೂ ಮರೆತಿಲ್ಲ.

ಕುಶಾಲಪ್ಪ ಸುಮ್ಮನಾಗಲಿಲ್ಲ. ಅವನು ಸುಮ್ಮನಾಗುವ ಸೂಚನೆ ಕಂಡಾಗಲೆಲ್ಲ ಅಚ್ಚುತ ಬಂದು ಗಾಳಿ ಹಾಕುತ್ತಿದ್ದ. ಕೊನೆಗೆ ಕುಟುಂಬದ ದೈವದ ಎದುರು ಅಕ್ಕ ಪ್ರಮಾಣ ಮಾಡಬೇಕು, ನಾನು ಗಂಟು ಕಟ್ಟಲಿಲ್ಲ ಎಂದು ದೀಪ ಮುಟ್ಟಿ ಹೇಳಬೇಕು ಎಂದು ತೀರ್ಮಾನವಾಯಿತು. ಅದನ್ನು ಹೇಳಲು ಕುಶಾಲಪ್ಪನೇ ರಸ್ತೆ ದಾಟಿ ಹೋದ. ಪೂವಮ್ಮ ತಮ್ಮನಿಗೆ ಮಣೆ ಹಾಕಿ, ಎದುರಿಗೆ ಕುಳಿತು ಹೇಳಿದಳು.

"ಪ್ರಮಾಣ ಮಾಡ್ತೇನೆ. ಮಾಡದ ಕೆಲ್ಸ ಮಾಡ್ಲಿಲ್ಲ ಅಂತ ಹೇಳ್ಲಿಕ್ಕೆ ನನಗೆಂತ ಹೆದ್ರಿಕೆ? ಆದ್ರೆ ಅದೇ ದೀಪ ಮುಟ್ಟಿ ಇನ್ನೊಂದು ಮಾತೂ ಹೇಳ್ತೇನೆ. ನನ್ನತ್ರ ಪ್ರಮಾಣ ಮಾಡಿಸಿದ ಮನೆಗೆ ಮತ್ತೆ ನಾನು ಕಾಲು ಹಾಕುದಿಲ್ಲ."

"ಹರ್ಷಿತನ ಮದುವೆಗೂ?"

ಹರ್ಷಿತ್ ಕುಶಾಲಪ್ಪನ ಮಗ. ಮದುವೆ ನಿಶ್ಚಯವಾಗಿತ್ತು. ಮದುಮಗಳನ್ನು ಆರತಿ ಎತ್ತಿ ಮನೆಯೊಳಗೆ ಕರೆದುಕೊಳ್ಳಬೇಕಾದವಳು ಸೋದರತ್ತೆ; ಗಂಡ ಇಲ್ಲದವಳಾದರೂ ಅವಳೇ ಆಗಬೇಕು ಎಂದು ಹರ್ಷಿತ್ ಹಟ ಹಿಡಿದಿದ್ದ.

"ಮದುವೆಗೂ" ಎಂದಳು ಪೂವಮ್ಮ.

ಕುಶಾಲಪ್ಪ ತಲೆ ತಗ್ಗಿಸಿ ವಾಪಸು ಬಂದ. ಅಲ್ಲಿಗೇ ಬಿಡೋಣ ಎಂದು ಅವನ ಮನಸ್ಸು ಹೇಳಿತು. ಆದರೆ ಊರಿಗೆಲ್ಲ ಹೇಳಿ ಆಗಿತ್ತು, ಅಚ್ಚುತ ದಿನವನ್ನೂ ನೋಡಿಸಿದ್ದ.

ಈ ಸುದ್ದಿಯನ್ನು ದೇವದಾಸನಿಗೆ ಹೇಳಿದವನು ಝಾಕಿರ್, ಕಡಬದ ಬಸ್ ಸ್ಟ್ಯಾಂಡಿನಲ್ಲಿ, ಪ್ರಮಾಣದ ದಿನ ಬೆಳಿಗ್ಗೆಯೇ. ಆಮೇಲೆ ದೇವದಾಸನ ಸ್ಕೂಟರ್ ಯಾವ ಗುಂಡಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವನು ದೈವದ ಚಾವಡಿಗೆ ಮುಟ್ಟಿದಾಗ ದೀಪ ಹಚ್ಚಿ ಆಗಿತ್ತು. ಪೂವಮ್ಮ ಒದ್ದೆ ಸೀರೆಯಲ್ಲಿ ನಿಂತಿದ್ದಳು.

"ನಿಲ್ಲಿಸಿ! ದಾರ ಕಟ್ಟಿದ್ದು ನಾನು! ನನಗೆ ಕೆಂಪು ಹಸಿರು ಗೊತ್ತಾಗುದಿಲ್ಲ, ಗುರ್ತಕ್ಕೆ ಕಟ್ಟಿದ್ದು!"

ಜೀವಮಾನವೆಲ್ಲ ಬಚ್ಚಿಟ್ಟ ಗುಟ್ಟನ್ನು ಅವನು ಹೀಗೆ ಊರೆದುರು ಕೂಗಿ ಹೇಳಿದ. ಇನ್ನು ಲೋಕ ಮುಳುಗುತ್ತದೆ ಎಂದು ಕಾದ. ಲೋಕ ಮುಳುಗಲಿಲ್ಲ. ಲೋಕ ನಕ್ಕಿತು.

"ಬಣ್ಣದ ಬಗ್ಗೆ ಗಂಟೆಗಟ್ಲೆ ಭಾಷಣ ಮಾಡುವವನಿಗೆ ಬಣ್ಣ ಕಾಣುದಿಲ್ವಂತೆ!" ಎಂದ ಅಚ್ಚುತ. "ಆಯ್ತು, ಪರೀಕ್ಷೆ ಮಾಡುವ. ಆ ದಾಸವಾಳ ಎಂತ ಬಣ್ಣ?"

"ಕೆಂಪು. ದಾಸವಾಳ ಕೆಂಪು ಅಂತ ಎಲ್ಲರೂ ಹೇಳ್ತಾರಲ್ಲ—"

"ಬಾಳೆ ಎಲೆ?"

"ಹಸಿರು. ಅದು ಶಾಲೆಯಲ್ಲೇ ಕಲಿಸ್ತಾರೆ—"

"ಎಲ್ಲ ಸರಿ ಉಂಟಲ್ಲ! ನನ್ನ ಈ ಶಾಲು?"

ದೇವದಾಸ ಕಣ್ಣು ಕಿರಿದು ಮಾಡಿ ನೋಡಿದ. ಹಳೆ ಮಣ್ಣು. "ದೇವರಾಣೆ ಗೊತ್ತಾಗುದಿಲ್ಲ."

"ಈಗ ಬೇಕೂಂತ ಗೊತ್ತಿಲ್ಲ ಅಂತಾನೆ" ಎಂದರು ಜನ. ಸರಿ ಹೇಳಿದರೆ ಕಣ್ಣು ಸರಿ ಇದೆ, ಗೊತ್ತಿಲ್ಲ ಎಂದರೆ ಬಾಯಿ ಸರಿ ಇಲ್ಲ. ಅಂಥ ಪರೀಕ್ಷೆಯಲ್ಲಿ ಪಾಸಾದವರು ಯಾರೂ ಇಲ್ಲ.

"ನಾನು ವಯರಿಂಗ್ ಮಾಡಿದ ಬೇರೆ ಯಾವ ಮನೆಯ ಬೋರ್ಡ್ ಆದ್ರೂ ಬಿಚ್ಚಿ ನೋಡಿ ಮಾರಾಯ್ರೆ! ಎಲ್ಲ ಕಡೆ ಇದೇ ಗಂಟು ಉಂಟು!"

"ಈಗ ಯಾರ ಮನೆಗೆ ಹೋಗುದು? ಮುಹೂರ್ತ ಮೀರ್ತದೆ."

ಕುಶಾಲಪ್ಪ ಹತ್ತಿರ ಬಂದ. ಅವನ ಸ್ವರದಲ್ಲಿ ಸಿಟ್ಟಿರಲಿಲ್ಲ. "ನೀನು ಅಕ್ಕನ ರೊಟ್ಟಿ ತಿಂದವ. ಅವಳನ್ನು ಉಳಿಸ್ಲಿಕ್ಕೆ ಹೇಳ್ತಿದ್ದಿ, ನನಗೆ ಅರ್ಥ ಆಗ್ತದೆ. ಆದ್ರೆ ಅವತ್ತು ನಾನು ಕೇಳಿದಾಗ ಇರ್ಲಿಲ್ಲ ಅಂತ ಹೇಳಿದವ ನೀನೇ ಅಲ್ವಾ?"

ದೇವದಾಸ ಉತ್ತರ ಕೊಡುವ ಮೊದಲೇ ಪೂವಮ್ಮ ಬಾಯಿ ಬಿಟ್ಟಳು. ಪಾಪ, ಆಕೆಗೆ ಅವನ ಮೇಲಿನ ಕನಿಕರ.

"ಹೇಳ್ಬೇಡ ಅಂತ ನಾನು ಹೇಳಿದ್ದಲ್ವಾ ಮಗ? ಯಾಕೆ ಹೇಳಿದೆ?"

"ಕೇಳಿದ್ರಾ?" ಎಂದ ಅಚ್ಚುತ, ಸುತ್ತ ನೋಡಿ. "ಇಬ್ರೂ ಮೊದಲೇ ಮಾತಾಡಿಕೊಂಡಿದ್ದಾರೆ!"

ಆಮೇಲೆ ಯಾರೂ ಏನೂ ಕೇಳಲಿಲ್ಲ. ಪೂವಮ್ಮ ದೀಪ ಮುಟ್ಟಿದಳು. ಮೊದಲ ಮಾತು ಹೇಳಿದಳು. ಎರಡನೆಯದನ್ನೂ ಹೇಳಿದಳು. ಕುಶಾಲಪ್ಪ ನೆಲ ನೋಡುತ್ತಾ ನಿಂತಿದ್ದ.

ಸತ್ಯ ಹೊರಗೆ ಬರಲು ಹೆಚ್ಚು ದಿನ ಹಿಡಿಯಲಿಲ್ಲ. ಸತ್ಯಕ್ಕೆ ಮುಹೂರ್ತ ನೋಡುವ ಬುದ್ಧಿ ಇಲ್ಲ, ಇದ್ದಿದ್ದರೆ ಸ್ವಲ್ಪ ಮೊದಲೇ ಬರುತ್ತಿತ್ತು. ಝಾಕಿರ್ ಒಂದು ಮನೆಯ ಮೋಟಾರು ನೋಡಲು ಹೋಗಿ ಬೋರ್ಡು ಬಿಚ್ಚಿದರೆ ಕೆಂಪು ದಾರ. ಇನ್ನೊಂದು ಮನೆಯಲ್ಲಿ ಮಿಕ್ಸಿ ನೋಡಲು ಹೋದರೆ ಅಲ್ಲೂ ಕೆಂಪು ದಾರ. ಕೊನೆಗೆ ಜೋಯಿಸರ ಮನೆಯ ಫ್ಯಾನು ಕೆಟ್ಟಿತು. ಅವರ ಮನೆಗೂ ವಯರಿಂಗ್ ಮಾಡಿದವನು ದೇವದಾಸನೇ. ದೇವರ ಕೋಣೆಯ ಬೋರ್ಡಿನೊಳಗೆ ಒಂದು ಗಂಟು, ಎರಡು ಗಂಟು, ಮೂರು ಗಂಟು. ಜೋಯಿಸರು ಅದನ್ನು ನೋಡಿ ಕವಡೆ ಹಾಕಲಿಲ್ಲ. ಬೋರ್ಡು ಮುಚ್ಚಲು ಹೇಳಿ, ಬಾಗಿಲನ್ನೂ ಮುಚ್ಚಿಕೊಂಡರು.

ಝಾಕಿರ್ ಫೋಟೋಗಳನ್ನು ಕುಶಾಲಪ್ಪನಿಗೆ ತೋರಿಸಿದ. ಕುಶಾಲಪ್ಪ ಎಲ್ಲ ನೋಡಿ ಮೊಬೈಲು ವಾಪಸು ಕೊಟ್ಟು, ರಿಪೇರಿಯಾಗಿ ಬಂದಿದ್ದ ಜೀಪನ್ನು ಹಾಗೆಯೇ ರಸ್ತೆಯಲ್ಲಿ ಬಿಟ್ಟು, ಅಕ್ಕನ ಮನೆಗೆ ಹೋಗಿ ಅವಳ ಕಾಲು ಹಿಡಿದುಕೊಂಡು ಮಗುವಿನ ಹಾಗೆ ಅತ್ತ. ಪೂವಮ್ಮ ಅವನ ತಲೆ ಸವರಿದಳು. ಊಟ ಬಡಿಸಿದಳು. "ನೀನು ಯಾವಾಗ ಬೇಕಾದ್ರೂ ಬಾ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಆದ್ರೆ ದೀಪ ಮುಟ್ಟಿ ಹೇಳಿದ ಮಾತು ಹಿಂದೆ ತೆಗಿಲಿಕ್ಕೆ ಆಗ್ತದಾ ಮಗ?" ಎಂದಳು. ಆಗುವುದಿಲ್ಲ ಎಂದು ಅವನಿಗೂ ಗೊತ್ತಿತ್ತು. ಜೋಯಿಸರ ಹತ್ತಿರ ಪರಿಹಾರ ಕೇಳುವ ಧೈರ್ಯ ಅವನಿಗೂ ಇರಲಿಲ್ಲ, ಕೊಡುವ ಧೈರ್ಯ ಅವರಿಗೂ ಇರಲಿಲ್ಲ.

ಇನ್ನು ದೇವದಾಸನ ಹೊಟ್ಟೆಪಾಡಿನ ವಿಷಯ. ಅದಕ್ಕೆ ಏನೂ ಆಗಲಿಲ್ಲ. ಒಂದೇ ಒಂದು ಕೆಲಸವೂ ತಪ್ಪಲಿಲ್ಲ. ಜನ ಮೊದಲಿನ ಹಾಗೆಯೇ ಕರೆದರು. "ಕಣ್ಣಿಲ್ಲದೆಯೂ ಇಷ್ಟು ಸರಿ ಮಾಡಿದ್ದಾನಲ್ಲ, ಕಣ್ಣಿದ್ದವ್ರು ಮಾಡಿದ್ದು ನಮ್ಮ ಮನೆಯಲ್ಲಿ ಮಳೆ ಬಂದ್ರೆ ಶಾಕ್ ಹೊಡಿತದೆ" ಎಂದು ಹೊಸಬರೂ ಕರೆದರು. ಹೋದಲ್ಲೆಲ್ಲ ಮನೆಯವರು ಹತ್ತಿರ ನಿಂತು, "ಇದು ಕೆಂಪು, ಇದು ಹಸಿರು" ಎಂದು ವಯರು ಎತ್ತಿ ಕೊಟ್ಟರು. "ಇದನ್ನು ಮೊದ್ಲೇ ಹೇಳ್ಲಿಕ್ಕೆ ಎಂತ ಆಗಿತ್ತು ನಿನಗೆ?" ಎಂದು ಪ್ರಣೀತಾ ಕೇಳಿದಳು. ಅದನ್ನು ಕೇಳದೆ ಅವಳು ನಾಲ್ಕು ಬೈದಿದ್ದರೆ ಒಳ್ಳೆಯದಿತ್ತು ಎಂದು ದೇವದಾಸನಿಗೆ ಅನಿಸಿತು. ಯಾವುದಕ್ಕೆ ಹೆದರಿ ಆ ಒಂದು ಶಬ್ದ ಹೇಳಿದನೋ ಅದು ಇರಲೇ ಇಲ್ಲ.

ಹರ್ಷಿತನ ಮದುವೆಯಾಯಿತು. ದಿಬ್ಬಣ ಸಂಜೆ ಕೊಲ್ಲಮೊಗ್ರಿಗೆ ಬಂತು. ಮನೆಗೆ ದೀಪದ ಸರ ಹಾಕಿದವನು ದೇವದಾಸ. ಹಾಕಿ ಮುಗಿಸಿ ಅವನು ಊಟಕ್ಕೆ ನಿಲ್ಲಲಿಲ್ಲ, ರಸ್ತೆ ದಾಟಿ ಪೂವಮ್ಮನ ಜಗಲಿಗೆ ಹೋಗಿ ಕುಳಿತ. ಆಕೆ ಪೆಟ್ಟಿಗೆಯಿಂದ ತೆಗೆದ ಹೊಸ ಸೀರೆ ಉಟ್ಟು, ತಲೆಗೆ ಮಲ್ಲಿಗೆ ಮುಡಿದು, ತನ್ನ ಮೆಟ್ಟಲಲ್ಲೇ ಕುಳಿತಿದ್ದಳು. ಎದುರಿಗೆ ವಾಲಗ, ಗದ್ದಲ. ಕುಶಾಲಪ್ಪ ನಡುನಡುವೆ ಈಚೆ ನೋಡುತ್ತಿದ್ದ. ಜೀಪು ಬಂದು ನಿಂತು ಮದುಮಗಳು ಇಳಿದಳು. ಆರತಿ ತಟ್ಟೆ ಹಿಡಿದು ಬಂದವಳು ಯಾರೋ ದೂರದ ಸಂಬಂಧಿ.

ಪೂವಮ್ಮ ಕುತ್ತಿಗೆ ಉದ್ದ ಮಾಡಿ ನೋಡಿದಳು.

"ನನಗೆ ಇಷ್ಟು ದೂರಕ್ಕೆ ಸರಿ ಕಾಣುದಿಲ್ಲ. ಹುಡುಗಿಯ ಸೀರೆ ಎಂತ ಬಣ್ಣ ಮಗ?"

ಕೇಳಿದ ಮೇಲೆ ಯಾರ ಹತ್ತಿರ ಕೇಳಿದೆ ಎಂದು ಆಕೆಗೆ ನೆನಪಾಯಿತು. "ಅಯ್ಯೋ, ಬಿಡು" ಎಂದಳು.

ದೇವದಾಸ ಬಿಡಲಿಲ್ಲ. ಎದ್ದು ರಸ್ತೆ ದಾಟಿ, ಗುಂಪಿನೊಳಗೆ ನುಗ್ಗಿ, ಸಿಕ್ಕಿದವರ ಹತ್ತಿರ ಕೇಳಿಕೊಂಡು ವಾಪಸು ಓಡಿ ಬಂದ.

"ಕೆಂಪಂತೆ ಅಕ್ಕ."

"ಹೌದಾ?" ಪೂವಮ್ಮನ ಮುಖ ಅರಳಿತು. "ಅಂಚು?"

ಅಂಚು ಕೇಳಿಕೊಂಡು ಬರಲು ದೇವದಾಸ ಮತ್ತೆ ರಸ್ತೆ ದಾಟಿದ.